ಮನೆ ಕುಗ್ಗಿದರೂ ನೀರು ಕುಗ್ಗದು

ಗೊಂಬೆಮನೆ ಕಟ್ಟುವ ಹವ್ಯಾಸಿಗಳ ಲೆಕ್ಕದಲ್ಲಿ ಒಂದು ಅಡಿ ಎಂದರೆ ಒಂದು ಇಂಚು. ಈ 1:12 ಅಳತೆಯಲ್ಲಿ ಕೈ ಪಳಗಿದವರು 1:24ಕ್ಕೆ, 1:48ಕ್ಕೆ ಇಳಿಯುತ್ತಾರೆ. ಅಷ್ಟಕ್ಕೂ ತೃಪ್ತಿಯಾಗದವರಿಗೆ 1:144 ಇದೆ. ಗೊಂಬೆಮನೆಯೊಳಗಿನ ಮಗುವಿಗೆ ಆಡಲು ಕೊಡುವ ಗೊಂಬೆಮನೆಯ ಅಳತೆ ಅದು. ಅಲ್ಲಿ ಎರಡೂವರೆ ಅಡಿಯ ಊಟದ ಮೇಜು ಸುಮಾರು ಐದು ಮಿಲಿಮೀಟರ್ ಎತ್ತರ. ಮೇಲಿಡುವ ತಟ್ಟೆಯ ಅಗಲ ಎರಡು ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ದೊಡ್ಡವರೂ ಈ ಮೋಹಕ್ಕೆ ಬಿದ್ದದ್ದುಂಟು. ಹೊಸ ದೆಹಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್ ಅದೇ ಕಾಲದಲ್ಲಿ, 1921ರಿಂದ 1924ರ ನಡುವೆ, ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದು ಗೊಂಬೆಮನೆ ಕಟ್ಟಿಸಿದರು. ಈಗ ವಿಂಡ್ಸರ್ ಕೋಟೆಯಲ್ಲಿರುವ ಆ ಮನೆಗೆ ವಿದ್ಯುದ್ದೀಪ, ಲಿಫ್ಟ್, ನೀರು ಬರುವ ನಲ್ಲಿ ಎಲ್ಲವೂ ಉಂಟು. ಅದರ ಗ್ರಂಥಾಲಯಕ್ಕೆಂದೇ ಕಾನನ್ ಡಾಯ್ಲ್ ಒಂದು ಹೊಸ ಷರ್ಲಾಕ್ ಹೋಮ್ಸ್ ಕಥೆ ಬರೆದುಕೊಟ್ಟರು.

ಅಳತೆಯನ್ನು ಭಾಗಿಸಿದರಾಯಿತು, ಕೆಲಸ ಮುಗಿಯಿತು ಅನ್ನಿಸಬಹುದು. ಆದರೆ ಸಾಮಗ್ರಿ ಭಾಗಾಕಾರಕ್ಕೆ ಬಗ್ಗುವುದಿಲ್ಲ. ಓಕ್ ಮರದ ಒರಟು ನಾರು ಪುಟ್ಟ ಕುರ್ಚಿಯಲ್ಲಿ ಬಿರುಕಿನಂತೆ ಕಾಣುತ್ತದೆ. ಪೇರ್, ಬಾಕ್ಸ್‌ವುಡ್‌ನಂಥ ನಯ ನಾರಿನ ಮರವೇ ಬೇಕು. ಪರದೆಯ ಬಟ್ಟೆ ಇಳಿಬೀಳದೆ ಸೆಟೆದು ನಿಲ್ಲುತ್ತದೆ. ತೆಳು ರೇಷ್ಮೆಗೆ ಅಂಟು ಸವರಿ, ಗುಂಡುಸೂಜಿ ಚುಚ್ಚಿ, ನೆರಿಗೆ ಕೂರಿಸಿ ಒಣಗಿಸಬೇಕು. ನೀರಂತೂ ಜಗ್ಗುವುದೇ ಇಲ್ಲ. ಮೇಲ್ಮೈ ಸೆಳೆತದಿಂದಾಗಿ ಪುಟ್ಟ ಬಟ್ಟಲಿನಲ್ಲಿ ಅದು ಹನಿಯಾಗಿ ಉಬ್ಬಿ ಕೂರುತ್ತದೆ. ಹಾಗಾಗಿ ಬಟ್ಟಲಿಗೆ ಬೀಳುವುದು ತಿಳಿಯಾದ ರೆಸಿನ್.

ಈ ಹವ್ಯಾಸದ ಸುಖವಿರುವುದೇ ಇಂಥ ತಕರಾರುಗಳನ್ನು ಬಿಡಿಸುವುದರಲ್ಲಿ.

ಕಿತ್ತಳೆ ಹೋಳನ್ನೇ ನೋಡಿ. ಅಕ್ಕಿಕಾಳಿಗಿಂತ ಚಿಕ್ಕ ಹೋಳಿನ ಮೇಲೆ ತೊಳೆ ಬಿಡಿಸುವವರು ಯಾರು? ಯಾರೂ ಬಿಡಿಸುವುದಿಲ್ಲ. ಕಿತ್ತಳೆ ಬಣ್ಣದ ಪಾಲಿಮರ್ ಕ್ಲೇಯಿಂದ ಬೆರಳುದ್ದದ ತೊಳೆಗಳನ್ನು ಮಾಡಿ, ಒಂದೊಂದಕ್ಕೂ ಬಿಳಿ ಪೊರೆ ಸುತ್ತಿ, ವೃತ್ತವಾಗಿ ಜೋಡಿಸಿ, ಹೊರಗೆ ಸಿಪ್ಪೆ ಹೊದಿಸುತ್ತಾರೆ. ಆಮೇಲೆ ಆ ದಪ್ಪ ಕೋಲನ್ನು ಕೋಡುಬಳೆಗೆ ಹೊಸೆದಂತೆ ಮೆಲ್ಲಗೆ ಹೊಸೆದು ಎಳೆಯುತ್ತಾರೆ. ಕೋಲು ಸಣ್ಣಗಾದಷ್ಟೂ ಒಳಗಿನ ಚಿತ್ರವೂ ಅದೇ ಪ್ರಮಾಣದಲ್ಲಿ ಸಣ್ಣಗಾಗುತ್ತದೆ. ಓವನ್‌ನಲ್ಲಿ ಬೇಯಿಸಿ ಬ್ಲೇಡಿನಿಂದ ಕೊಯ್ದರೆ ಪ್ರತಿ ಹೋಳಿನಲ್ಲೂ ಎಲ್ಲ ತೊಳೆಗಳೂ ಇರುತ್ತವೆ.

ಆದರೆ ಈ ಕಲೆಯ ತುದಿ ಮುಟ್ಟಿದವರು ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ. 1940ರ ದಶಕದಲ್ಲಿ ಅವರು ಸಾವು ಸಂಭವಿಸಿದ ಕೋಣೆಗಳನ್ನು 1:12ರಲ್ಲಿ ಕಟ್ಟಿದರು. ಗೊಂಬೆಯ ಕಾಲುಚೀಲವನ್ನು ಗುಂಡುಸೂಜಿಗಳಲ್ಲೇ ಹೆಣೆದರು. ಆ ನಿಷ್ಠೆಗೆ ಕಾರಣವಿತ್ತು: ನೋಡಬೇಕಾದವರು ಪೊಲೀಸರು, ಕೋಣೆಯ ಯಾವ ವಸ್ತುವೂ ಅವರಿಗೆ ಸುಳಿವಾಗಬಹುದಿತ್ತು. ಅವುಗಳಲ್ಲಿ 18 ಕೋಣೆಗಳು ಬಾಲ್ಟಿಮೋರ್‌ನಲ್ಲಿ, ಮೇರಿಲ್ಯಾಂಡ್ ರಾಜ್ಯದ ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿಯಲ್ಲಿವೆ; ತನಿಖಾಧಿಕಾರಿಗಳು ಅಲ್ಲಿ ಅವುಗಳ ಮುಂದೆ ನಿಂತೇ ತರಬೇತಿ ಪಡೆಯುತ್ತಾ ಬಂದಿದ್ದಾರೆ.