ಬದಿಯಡ್ಕದ ಬೊಳ್ಳಿ

ಕಾಸರಗೋಡಿನಿಂದ ಚೆರ್ಕಳ ದಾಟಿ ಕಲ್ಲಡ್ಕದ ಕಡೆಗೆ ಹೋಗುವ ದಾರಿಯಲ್ಲಿ ಬದಿಯಡ್ಕ ಸಿಗುತ್ತದೆ. ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ರಸ್ತೆಯೂ ಇಲ್ಲೇ ಕೂಡುವುದರಿಂದ ಪೇಟೆಯಲ್ಲಿ ಸದಾ ಬಸ್ಸುಗಳ ಗದ್ದಲ. ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲವೂ ಒಂದೇ ಚಹಾದಂಗಡಿಯಲ್ಲಿ ಕೇಳಿಸುತ್ತವೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ಕಣ್ಮುಚ್ಚುವವರೆಗೆ ಬಾಳಿದ್ದು ಸಮೀಪದ ಪೆರಡಾಲದಲ್ಲಿ. ಪೇಟೆ ಬಿಟ್ಟು ಒಳಗೆ ಹೋದರೆ ತಗ್ಗಿನಲ್ಲಿ ಅಡಿಕೆ ತೋಟ, ಮೇಲೆ ಮುರಕಲ್ಲಿನ ಪದವು, ಗುಡ್ಡದಲ್ಲಿ ಗೇರುಮರ.

ಆ ಗೇರುಮರಗಳ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಈ ಜಿಲ್ಲೆಯ ತನ್ನ ಗೇರು ತೋಟಗಳಿಗೆ 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳಲ್ಲಿ ಬದಿಯಡ್ಕವೂ ಒಂದು. ಮೊದಲು ಎಚ್ಚರಿಸಿದ್ದು ಮೂಕಪ್ರಾಣಿಗಳೇ. ನೆರೆಯ ಎಣ್ಮಕಜೆಯ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಕಂಡುಬಂದುದನ್ನು ಬಹಳ ಹಿಂದೆಯೇ ಪತ್ರಕರ್ತ ಶ್ರೀಪಡ್ರೆಯವರು ಬರೆದಿದ್ದರು. ಮಕ್ಕಳ ಕಡೆಗೆ ಲೋಕದ ಕಣ್ಣು ಹೊರಳಿದ್ದು ಎಷ್ಟೋ ವರ್ಷಗಳ ಮೇಲೆ. ಸುಪ್ರೀಂ ಕೋರ್ಟು ಈ ವಿಷವನ್ನು ತಡೆದದ್ದು 2011ರಲ್ಲಿ.

ಇಂಥ ಮಗುವಿರುವ ಮನೆಯೊಂದಕ್ಕೆ ನಾನು ಆಗಾಗ ಹೋಗುತ್ತಿದ್ದೆ. ಹೆಸರು ಬೇಡ. ಹುಡುಗಿಗೆ ಮಾತಿಲ್ಲ, ಎದ್ದು ಕೂರಲಾಗದು, ಆಗಾಗ ಫಿಟ್ಸ್. ಇಡೀ ದಿನ ಜಗಲಿಯ ಚಾಪೆಯ ಮೇಲೆ. ಅವಳ ಪಕ್ಕದಲ್ಲಿ ಬೊಳ್ಳಿ. ಸೋದರಮಾವ ಪೇಟೆಯಿಂದ ಚೀಲದಲ್ಲಿ ಹಾಕಿಕೊಂಡು ತಂದ ಬಿಳಿ ಹೆಣ್ಣುಮರಿ. ಜಾತಿನಾಯಿಯಲ್ಲ, ತರಬೇತಿಯೂ ಇಲ್ಲ. ಹುಡುಗಿಯ ಮಡಚಿದ ಕೈಬೆರಳಿನ ಕೆಳಗೆ ತನ್ನ ಕಿವಿಯನ್ನು ತಾನೇ ತಂದು ಇಡುತ್ತಿತ್ತು. ಬೆರಳು ಹಿಡಿದು ಎಳೆದರೂ ಕೂಗುತ್ತಿರಲಿಲ್ಲ. ಆಗ ಹುಡುಗಿಯ ಗಂಟಲಿನಿಂದ ಒಂದು ಸ್ವರ ಹೊರಡುತ್ತಿತ್ತು. ನಗು ಎಂದು ತಾಯಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

“ನಾನು ಬಾವಿಗೆ ಹೋಗಿ ಎರಡು ಕೊಡ ನೀರು ತರುವಷ್ಟು ಹೊತ್ತು ಇದು ಇರ್ತದೆ ಫಾದರ್. ಏನಾದ್ರೂ ಆದ್ರೆ ಬೊಗಳ್ತದೆ” ಎಂದಿದ್ದರು ಆ ತಾಯಿ. ಎರಡು ಕೊಡ ನೀರಿನ ಹೊತ್ತು! ಅದೂ ಸಿಗದ ತಾಯಂದಿರು ಈ ಗುಡ್ಡಗಳಲ್ಲಿ ಎಷ್ಟು ಮಂದಿ!

ಪಟ್ಟಣಗಳಲ್ಲಿ ಇದು ಇಂದು ಒಂದು ಶಾಸ್ತ್ರವೇ ಆಗಿದೆ. ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರ ಬಳಿಗೆ ಯಾರೊಂದಿಗೂ ಬೆರೆಯದ ಬಾಲಕನೊಬ್ಬನನ್ನು ಕರೆತಂದಿದ್ದರು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟದ್ದರಿಂದ ಕೋಣೆಯಲ್ಲಿ ಅವರ ನಾಯಿ ಜಿಂಗಲ್ಸ್ ಇನ್ನೂ ಇತ್ತು. ಅದು ಓಡಿಹೋಗಿ ಬಾಲಕನನ್ನು ನೆಕ್ಕಿತು. ಅವನು ಅದನ್ನು ಅಪ್ಪಿಕೊಂಡ. ವೈದ್ಯರಿಗೆ ದಾರಿ ತೆರೆದದ್ದು ಹಾಗೆ. 1962ರಲ್ಲಿ ಅವರು ನಾಯಿಯನ್ನು ಸಹ-ಚಿಕಿತ್ಸಕ ಎಂದೇ ಕರೆದು ಲೇಖನ ಬರೆದರು. ಮುಂದೆ ಎಲೇನ್ ಸ್ಮಿತ್ ಎಂಬ ಅಮೆರಿಕದ ದಾದಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದಾಗ, ಚಾಪ್ಲಿನ್ ಒಬ್ಬರು ತಮ್ಮ ನಾಯಿಯೊಂದಿಗೆ ಬಂದರೆ ರೋಗಿಗಳ ಮುಖ ಅರಳುವುದನ್ನು ಕಂಡರು. ಊರಿಗೆ ಮರಳಿ 1976ರಲ್ಲಿ ಇಂಥ ನಾಯಿಗಳ ಸಂಸ್ಥೆಯನ್ನೇ ಕಟ್ಟಿದರು. ರೋಗಿಗಳು ಕಾಯುತ್ತಿದ್ದದ್ದು ಚಾಪ್ಲಿನರಿಗೋ ನಾಯಿಗೋ ಎಂದು ನಾವು ಗುರುಗಳು ಕೇಳದಿರುವುದೇ ಲೇಸು! ನಾವು ಹೋದರೆ ಮಾತನಾಡುತ್ತೇವೆ. ಮಾತೇ ಬಾರದ ಮಗುವಿನ ಹತ್ತಿರ ಮಾತಿಗೆ ಏನು ಕೆಲಸ?

ನಾಯಿಯೆಂದರೆ ಹೆದರುವವರಿಗೂ ಕಾರಣವಿದೆ. 2022ರಲ್ಲಿ ಬೇಕಲದ ಹತ್ತಿರ ತಂದೆಯೊಬ್ಬರು ಬೀದಿನಾಯಿಗಳ ಭಯಕ್ಕೆ ಏರ್‌ಗನ್ ಹಿಡಿದು ಮಕ್ಕಳನ್ನು ಮದ್ರಸಕ್ಕೆ ಕರೆದೊಯ್ದದ್ದು ಸುದ್ದಿಯಾಗಿತ್ತು. ಕಾಯಿಲೆಯ ಮಗುವಿರುವ ಮನೆಯಲ್ಲಿ ನಾಯಿಗೆ ವರ್ಷವರ್ಷವೂ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಲೇಬೇಕು. ಹಲ್ಲು ತಾಗಿದರೆ, ಉಗುರು ಗೀರಿದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಬೊಳ್ಳಿಯ ಚುಚ್ಚುಮದ್ದಿನ ಚೀಟಿ ಹುಡುಗಿಯ ಔಷಧಿಯ ಡಬ್ಬಿಯಲ್ಲೇ ಇರುತ್ತಿತ್ತು.

ಬೈಬಲಿನ ತೋಬಿತನ ಗ್ರಂಥದಲ್ಲಿ, ಮಗ ದೂರದೂರಿಗೆ ಹೊರಟಾಗ ಮನೆಯ ನಾಯಿಯೂ ಹಿಂದೆ ಹೊರಡುತ್ತದೆ. ಅದರ ಹೆಸರಿಲ್ಲ, ಅದು ಏನು ಮಾಡಿತೆಂದೂ ಇಲ್ಲ. ಜೊತೆಗೆ ಹೋಯಿತು, ಅಷ್ಟೆ.

ಬೊಳ್ಳಿ ಒಂದು ಮಳೆಗಾಲದಲ್ಲಿ ಮುಪ್ಪಿನಿಂದ ಸತ್ತಿತು. ತೋಟದ ಬದಿಯಲ್ಲಿ ಹೂತರು. ಕೆಲವು ದಿನ ಹುಡುಗಿ ಗಂಜಿ ಮುಟ್ಟಲಿಲ್ಲ. ಚಾಪೆಯ ಪಕ್ಕದಲ್ಲಿ ಅವಳ ಬೆರಳುಗಳು ಸುಮ್ಮನೆ ಆಡುತ್ತಿದ್ದವಂತೆ. ತಾಯಿ ಈಗ ನೀರಿಗೆ ಹೋಗುವಾಗ ನೆರೆಮನೆಯ ಅಜ್ಜಿಯನ್ನು ಕೂಗಿ ಕರೆಯುತ್ತಾರೆ. ಅಜ್ಜಿಗೆ ಕಿವಿ ಸ್ವಲ್ಪ ಮಂದ.