ಗರಿಂಚಾ: ಕೈಬಿಟ್ಟು ಹೋದ ಸಂತೋಷ

1958ರ ಜೂನ್ 15. ಸ್ವೀಡನ್ನಿನ ಗೋಥೆನ್‌ಬರ್ಗ್. ಉಲ್ಲೆವಿ ಕ್ರೀಡಾಂಗಣದಲ್ಲಿ ಬಲಬದಿಯ ಗೆರೆಗೆ ಹತ್ತಿರದಲ್ಲೇ ನೀವು ಕೂತಿದ್ದೀರಿ. ವಿಶ್ವಕಪ್‌ನಲ್ಲಿ ಬ್ರೆಜಿಲ್‌ಗೆ ಇಂದು ಸೋವಿಯತ್ ಒಕ್ಕೂಟ ಎದುರಾಳಿ. ಆಚೆ ತುದಿಯ ಗೋಲಿನಲ್ಲಿ ಕಪ್ಪು ಉಡುಪಿನ ಲೆವ್ ಯಾಷಿನ್. ಈಚೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ವಿಶ್ವಕಪ್‌ನಲ್ಲಿ ಮೊದಲ ಸಲ ಕಣಕ್ಕಿಳಿದಿರುವ 24ರ ಹುಡುಗ ಗರಿಂಚಾ. ಬಲಗಾಲು ಒಳಕ್ಕೆ ಬಾಗಿದೆ, ಎಡಗಾಲು ಹೊರಕ್ಕೆ. ಕಡಲ ಗಾಳಿಗೆ ಒಂದೇ ಕಡೆ ವಾಲಿದ ಜೋಡಿ ತೆಂಗಿನಂತೆ ಕಾಣುವ ಈ ಕಾಲುಗಳಲ್ಲಿ ಓಡುವುದಾದರೂ ಹೇಗೆ ಎಂದು ಪಕ್ಕದವರು ಅಚ್ಚರಿಪಡುತ್ತಿದ್ದಾರೆ.

ಸೀಟಿ ಮೊಳಗಿತು. ಚೆಂಡು ಗರಿಂಚಾ ಕಾಲಿಗೆ ಬಂತು. ಎದುರಿಗೆ ರಕ್ಷಣೆಯ ಆಟಗಾರ ಕುಜ್ನೆತ್ಸೊವ್. ಗರಿಂಚಾನ ಮೈ ಎಡಕ್ಕೆ ವಾಲುತ್ತದೆ, ಕುಜ್ನೆತ್ಸೊವ್ ಅತ್ತ ಸರಿಯುತ್ತಾನೆ, ಅಷ್ಟರಲ್ಲಿ ಚೆಂಡು ಬಲಕ್ಕೆ ದಾಟಿಯಾಗಿದೆ. ಮತ್ತೊಮ್ಮೆ ಎದುರಾದಾಗ, ಅವನು ಬಲಕ್ಕೇ ಹೋಗುತ್ತಾನೆಂದು ಕುಜ್ನೆತ್ಸೊವ್‌ಗೆ ಗೊತ್ತು. ಗೊತ್ತಿದ್ದೂ ತಡೆಯಲಾಗದು. ಮೊದಲ ನಿಮಿಷದಲ್ಲೇ ಗರಿಂಚಾನ ಹೊಡೆತಕ್ಕೆ ಗೋಲುಕಂಬ ಅದುರಿತು. ಹಿಂದೆಯೇ 17ರ ಪೆಲೆಯ ಹೊಡೆತವೂ ಚೌಕಟ್ಟಿಗೆ ಬಡಿಯಿತು. ಮೂರನೇ ನಿಮಿಷದಲ್ಲಿ ದೀದಿ ಕೊಟ್ಟ ಪಾಸನ್ನು ವಾವಾ ಗೋಲಿಗಟ್ಟಿದ. ಫುಟ್‌ಬಾಲ್ ಇತಿಹಾಸದಲ್ಲೇ ಅತಿಶ್ರೇಷ್ಠ ಮೂರು ನಿಮಿಷಗಳು ಇವು ಎಂದು ಫ್ರೆಂಚ್ ಪತ್ರಕರ್ತ ಗಾಬ್ರಿಯೆಲ್ ಅನೊ ಬಣ್ಣಿಸಿದರು. ಎರಡು ವಾರದಲ್ಲಿ ಬ್ರೆಜಿಲ್ ಮೊದಲ ಬಾರಿಗೆ ವಿಶ್ವ ಚಾಂಪಿಯನ್.

ಅಲ್ಲಿಂದ ನೇರ ಪಾವ್ ಗ್ರಾಂದೆಗೆ ಬನ್ನಿ. ರಿಯೋ ನಗರದಾಚೆ ಬೆಟ್ಟದ ಬುಡದಲ್ಲಿರುವ, ಬಟ್ಟೆ ಗಿರಣಿಯನ್ನೇ ನಂಬಿದ ಊರು. ಗರಿಂಚಾ ಇಲ್ಲೇ ಹುಟ್ಟಿದ, ಹದಿಹರೆಯದಲ್ಲೇ ಗಿರಣಿಗೆ ಸೇರಿದ. ಅಪ್ಪ ಅಮಾರೊ ಅದೇ ಗಿರಣಿಯ ಕಾವಲುಗಾರ, ಕುಡುಕ. ಕಬ್ಬಿನ ರಸದಿಂದ ಇಳಿಸಿದ ಕಶಾಸಾ ಇಲ್ಲಿ ಮದ್ದೂ ಹೌದು, ಮೋಜೂ ಹೌದು. ಜೇನು, ಚಕ್ಕೆ ಬೆರೆಸಿ ಅದನ್ನು ಮಕ್ಕಳಿಗೂ ಕುಡಿಸುತ್ತಿದ್ದರೆಂದು ಗರಿಂಚಾನ ಜೀವನಚರಿತ್ರೆ ಬರೆದ ರೂಯ್ ಕಾಸ್ತ್ರೊ ದಾಖಲಿಸಿದ್ದಾರೆ. ಈಗ ವಿಶ್ವಕಪ್ ಗೆದ್ದು ಬಂದವನ ಸುತ್ತ ಬಾರಿನಲ್ಲಿ ಬಾಲ್ಯದ ಗೆಳೆಯರು. ಲೋಟಗಳನ್ನು ಯಾರೂ ಎಣಿಸುತ್ತಿಲ್ಲ. ಅವರಿಗೆ ಅವನು ಮಾನೆ. ನಮ್ಮ ಮಾನೆ ಮಗುವಿನಂಥವನು ಎಂದು ನಗುತ್ತಾರೆ, ಇನ್ನೊಂದು ಲೋಟ ಮುಂದಿಡುತ್ತಾರೆ.

1962, ಚಿಲಿ. ಎರಡನೇ ಪಂದ್ಯದಲ್ಲೇ ಪೆಲೆ ಗಾಯಗೊಂಡು ಹೊರಬಿದ್ದಾಗ ಇಡೀ ತಂಡದ ಭಾರ ಈ ಬಾಗಿದ ಕಾಲುಗಳ ಮೇಲೆ ಬಿತ್ತು. ಇಂಗ್ಲೆಂಡ್ ಎದುರು ಎರಡು ಗೋಲು. ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿಯ ಎದುರು ಮತ್ತೆರಡು. ಕಪ್ ಮತ್ತೆ ಬ್ರೆಜಿಲ್‌ಗೆ. ಪೆಲೆ, ಗರಿಂಚಾ ಇಬ್ಬರೂ ಕಣದಲ್ಲಿದ್ದ ಒಂದು ಪಂದ್ಯವನ್ನೂ ಬ್ರೆಜಿಲ್ ಸೋಲಲಿಲ್ಲ.

ಈಗ ಡ್ರೆಸಿಂಗ್ ರೂಮಿಗೆ ಬನ್ನಿ. ಅವನ ಕ್ಲಬ್ ಬೊಟಾಫೊಗೊ ದೇಶದೇಶ ಸುತ್ತಿ ಆಡುತ್ತಿದೆ, ಜನ ದುಡ್ಡು ಕೊಡುವುದು ಗರಿಂಚಾನನ್ನು ನೋಡಲು. ಅವನ ಮೊಣಕಾಲಿನ ಮೃದ್ವಸ್ಥಿ ಸವೆದಿದೆ. ಕೀಲಿನಲ್ಲಿ ತುಂಬಿದ ನೀರನ್ನು ಸೂಜಿಯಿಂದ ಎಳೆದು, ಇಂಜೆಕ್ಷನ್ ಚುಚ್ಚಿ, ಕಣಕ್ಕೆ ಕಳಿಸುತ್ತಾರೆ. ಕಾಲುನೋವು ಆಟಕ್ಕೆ ಅಡ್ಡಿ, ಹಾಗಾಗಿ ಅದಕ್ಕೆ ವೈದ್ಯರಿದ್ದಾರೆ. ಕುಡಿತ ಇನ್ನೂ ಆಟಕ್ಕೆ ಅಡ್ಡಬಂದಿಲ್ಲ, ಹಾಗಾಗಿ ಅದು ಯಾರ ಚಿಂತೆಯೂ ಅಲ್ಲ.

ಹೆಂಡತಿ, ಹೆಣ್ಣುಮಕ್ಕಳ ದೊಡ್ಡ ಸಂಸಾರವನ್ನು ಬಿಟ್ಟು ಗಾಯಕಿ ಎಲ್ಜಾ ಸೋರೆಸ್ ಜೊತೆ ಬಾಳತೊಡಗಿದಾಗ ದೇಶವೇ ಸಿಟ್ಟಿಗೆದ್ದಿತು. ಬೈಗುಳದ ಹೆಚ್ಚಿನ ಪಾಲು ಬಿದ್ದದ್ದು ಎಲ್ಜಾ ಮೇಲೆ. ಬಾರಿನಿಂದ ಬಾರಿಗೆ ಹೋಗಿ, ಅವನಿಗೆ ಕುಡಿಯಲು ಕೊಡಬೇಡಿ ಎಂದು ಬೇಡಿಕೊಂಡವರು ಆಕೆಯೇ. 1969ರ ಏಪ್ರಿಲ್‌ನಲ್ಲಿ ಗರಿಂಚಾ ಓಡಿಸುತ್ತಿದ್ದ ಕಾರು ಹೆದ್ದಾರಿಯಲ್ಲಿ ಲಾರಿಗೆ ಅಪ್ಪಳಿಸಿತು. ಎಲ್ಜಾ ಅವರ ತಾಯಿ ತೀರಿಕೊಂಡರು. ಆ ಆಘಾತದಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ. 1977ರಲ್ಲಿ, ಅವನ ಏಟು ತಿಂದ ಮೇಲೆ, ಎಲ್ಜಾ ದೂರವಾದರು. ಚಟ ಒಬ್ಬನನ್ನು ಮಾತ್ರ ಸುಡುವುದಿಲ್ಲ.

ಅದಕ್ಕೂ ಮೊದಲು, 1973ರ ಡಿಸೆಂಬರ್ 19ರಂದು ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಬೀಳ್ಕೊಡುಗೆ ಪಂದ್ಯ. ಸುಮಾರು 1.3 ಲಕ್ಷ ಜನರ ನಡುವೆ ನೀವೂ ಎದ್ದು ನಿಂತಿದ್ದೀರಿ. 40 ದಾಟಿದ, ಮೈ ಭಾರವಾದ ಗರಿಂಚಾ ಅರ್ಧ ಗಂಟೆ ಆಡಿ ಹೊರನಡೆಯುತ್ತಾನೆ. ನಿಮ್ಮ ಕಣ್ಣು ತುಂಬಿದೆ, ಆದರೆ ನಾಳೆ ಬೆಳಗ್ಗೆ ಅವನು ಎಲ್ಲಿರುತ್ತಾನೆಂದು ನೀವು ಕೇಳುವುದಿಲ್ಲ. 1980ರ ಕಾರ್ನಿವಲ್‌ನಲ್ಲಿ ಮಂಗೇಯ್ರಾ ಸಾಂಬಾ ತಂಡ ಅವನನ್ನು ರಥದ ಮೇಲೆ ಕೂರಿಸಿ ಮೆರೆಸುತ್ತದೆ. ಔಷಧದ ಮಂಪರು, ಬರಿದಾದ ನೋಟ, ಎತ್ತಲಾರದೆ ಎತ್ತಿದ ಕೈ. ರಥ ಮುಂದೆ ಸಾಗುತ್ತದೆ, ಡೋಲು ನಿಲ್ಲುವುದಿಲ್ಲ.

1983ರ ಜನವರಿ 20ರಂದು, 49ನೇ ವಯಸ್ಸಿಗೆ, ಗರಿಂಚಾ ರಿಯೋದಲ್ಲಿ ತೀರಿಕೊಂಡ. ಯಕೃತ್ತು ಸಂಪೂರ್ಣ ಹಾಳಾಗಿತ್ತು. ಮರಕಾನಾದಿಂದ ಅಗ್ನಿಶಾಮಕ ವಾಹನದ ಮೇಲೆ ಶವಪೆಟ್ಟಿಗೆ ಊರ ಕಡೆ ಹೊರಟಾಗ ದಾರಿಯುದ್ದಕ್ಕೂ ಜನವೋ ಜನ. ಆ ಜನರ ಕಣ್ಣೀರು ಸುಳ್ಳಲ್ಲ. ಜನರ ಸಂತೋಷ ಎಂದೇ ಅವನನ್ನು ಕರೆದ ನಾಡು ಅದು. ಆದರೆ ಪ್ರೀತಿಸಿದವರಲ್ಲಿ ಹೆಚ್ಚಿನವರು ಅವನ ಕುಡಿತವನ್ನು ರೋಗವೆಂದು ಕಾಣಲಿಲ್ಲ, ಸ್ವಭಾವವೆಂದು ನಕ್ಕು ಸುಮ್ಮನಾದರು. ಆಟಗಾರ ಕುಂಟಿದರೆ ಓಡಿ ಬರುವ ವೈದ್ಯ, ಅವನ ಕೈ ನಡುಗಿದಾಗಲೂ ಓಡಿ ಬರಬೇಕು. ಅದೂ ಅವನು ಗೋಲು ಹೊಡೆಯುತ್ತಿರುವಾಗಲೇ, ಚಪ್ಪಾಳೆ ಇನ್ನೂ ಜೋರಾಗಿರುವಾಗಲೇ.