ವಾಡಿಯ ಫರಸಿಯ ಮೇಲೆ

ಚಿತ್ತಾಪುರದ ಕಡೆಯಿಂದ ಬಂದು ವಾಡಿ ಹೊಗುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ದೀಪ ಹತ್ತಿದೆ. ಕೆಂಪು, ಹೊಲಿಗೆ ಯಂತ್ರದ ಎಣ್ಣೆ ಡಬ್ಬಿಯ ಆಕಾರ. ಎಂಜಿನ್ ಆರಿಸಿ ಗ್ಯಾರೇಜಿನವರೆಗೆ ತಳ್ಳಿಕೊಂಡೇ ಬಂದಿದ್ದೀರಿ. ಬಾನೆಟ್ ಎತ್ತಿದರೆ ಅಂಚಿನಿಂದ ಸಿಮೆಂಟಿನ ಬೂದು ಪುಡಿ ಉದುರುತ್ತದೆ. ಈ ಊರಲ್ಲಿ ಅದೇನು ವಿಶೇಷವಲ್ಲ.

ಮಿಸ್ತ್ರಿ ಮೊದಲು ಕಡ್ಡಿ ಎಳೆದು ನೋಡುತ್ತಾನೆ. ಎಣ್ಣೆಯ ಮಟ್ಟ ಸರಿಯಿದೆ.

"ಸ್ವಿಚ್ಚೇ ಹೋಗಿರಬೇಕಲ್ಲ?" ನಿಮ್ಮ ದನಿಯಲ್ಲಿ ಆಸೆ. ಪಂಪು, ಬೇರಿಂಗು ಅಂದರೆ ಜೇಬಿಗೆ ಕತ್ತರಿ.

"ಇರಬಹುದ್ರಿ ಸರ್. ಆದ್ರ ಬಾಯಿಲೆ ಹೇಳಂಗಿಲ್ಲ, ಗೇಜ್ ಹಚ್ಚಿ ನೋಡಮ್ರಿ."

ನೆಲಕ್ಕೆ ಹಾಸಿರುವುದು ಶಹಾಬಾದಿನ ಕಲ್ಲು. ಅದರ ಮೇಲೆ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಬಿಟ್ಟರೆ ಆಯಿಲ್ ಫಿಲ್ಟರಿನ ಪಕ್ಕ ಕಾಣುತ್ತದೆ, ಹೆಬ್ಬೆರಳ ತುದಿಯಷ್ಟಿರುವ ಸ್ವಿಚ್ಚು, ಅದರ ನೆತ್ತಿಗೆ ಒಂದೇ ವೈರು. ವೈರು ಕಿತ್ತ ಕೂಡಲೇ ಡ್ಯಾಶ್‌ಬೋರ್ಡಿನ ದೀಪ ಆರುತ್ತದೆ, ವೈರಿಂಗ್ ತಪ್ಪಿಲ್ಲ. ಕನೆಕ್ಟರಿನೊಳಗೆ ಎಣ್ಣೆ ಜಿನುಗಿ ಬೆರಳು ಕಪ್ಪಾಗುತ್ತದೆ.

ಒಳಗಿರುವುದು ಒಂದು ಪೊರೆ, ಒಂದು ಸ್ಪ್ರಿಂಗು. ಎಂಜಿನ್ ನಿಂತಾಗ ಅದು ಸರ್ಕ್ಯೂಟ್ ಕೂಡಿಸುತ್ತದೆ. ಎಣ್ಣೆಯ ಒತ್ತಡ ಸುಮಾರು 0.3ರಿಂದ 0.5 ಬಾರ್ ದಾಟಿತೋ, ಬಿಡಿಸುತ್ತದೆ. ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ ಎಂಬುದು ಈ ಪ್ರಾಣಿಗೆ ಗೊತ್ತೇ ಇಲ್ಲ.

ಉದ್ದ ಸಾಕೆಟ್ ಹಾಕಿ ಒಂದು ಝಟಕಾ. ಸ್ವಿಚ್ಚು ಕೈಗೆ ಬರುತ್ತದೆ, ನಾಲ್ಕು ಹನಿ ಫರಸಿಗೆ ಬಿದ್ದು ಹರಡುತ್ತವೆ. ಅದೇ ತೂತಿಗೆ ಗೇಜು. ಎಂಜಿನ್ ಶುರು. ಬಿಸಿಯಾಗುವವರೆಗೆ ಕಾಯಬೇಕು, ಯಾಕೆಂದರೆ ತಣ್ಣಗಿನ ದಪ್ಪ ಎಣ್ಣೆ ಸುಳ್ಳು ಹೇಳುತ್ತದೆ. ಮುಂಬೈ–ಚೆನ್ನೈ ಹಳಿಗೆ ಸಿಕಂದರಾಬಾದಿನ ಹಳಿ ಕೂಡುವ ಜಂಕ್ಷನ್ನು ವಾಡಿ. ಗೂಡ್ಸ್ ಗಾಡಿಯೊಂದು ದೂರದಲ್ಲಿ ಕೂಗುತ್ತದೆ. ನಿಮ್ಮ ಕಣ್ಣು ಮುಳ್ಳಿನ ಮೇಲೆ. ರೇಡಿಯೇಟರ್ ಫ್ಯಾನ್ ತಿರುಗಿದ ಮೇಲೂ ಐಡ್ಲಿನಲ್ಲಿ ಅದು 1 ಬಾರಿನ ಮೇಲೆಯೇ ನಿಂತಿದೆ.

"ಪಂಪ್ ಗಟ್ಟಿ ಅದರಿ. ಸ್ವಿಚ್ಚೇ ಹೋಗ್ಯಾದ."

ಹೊಸದರ ಥ್ರೆಡ್ಡಿಗೆ ಸೀಲೆಂಟ್ ತೆಳ್ಳಗೆ ಸವರುತ್ತಾನೆ, ತುದಿಯ ಎರಡು ಸುತ್ತು ಬಿಟ್ಟು. ಥ್ರೆಡ್ಡಿಗೆ ಸುತ್ತುವ ಟೇಪನ್ನು ಮುಟ್ಟುವುದಿಲ್ಲ, ಒಂದೇ ವೈರಿನ ಸ್ವಿಚ್ಚಿಗೆ ಅರ್ಥಿಂಗ್ ಸಿಗುವುದು ಥ್ರೆಡ್ಡಿನಿಂದಲೇ. ಮೊದಲ ಸುತ್ತುಗಳು ಬರಿಗೈಯಲ್ಲಿ, ಆಮೇಲೆ ಸಾಕೆಟ್, ಅದೂ ಹಗುರಾಗಿ.

ಚಾವಿ ತಿರುಗಿಸುತ್ತೀರಿ. ದೀಪ ಹತ್ತುತ್ತದೆ. ಎಂಜಿನ್ ಹಿಡಿಯುತ್ತಲೇ ಆರುತ್ತದೆ.

ನೀವು ಶಹಾಬಾದಿನ ದಾರಿ ಹಿಡಿಯುವ ಮೊದಲು ಮಿಸ್ತ್ರಿ ಕಿಟಕಿಗೆ ಬಾಗಿ ಹೇಳುತ್ತಾನೆ: "ಮತ್ತ ಹತ್ತಿದ್ರ ಸ್ವಿಚ್ಚೇ ಅಂತ ತಿಳ್ಕೋಬ್ಯಾಡ್ರಿ. ಗಾಡಿ ನಿಲ್ಲಸ್ರಿ."